ತೆಲಸಂಗದಿಂದ ಗೋಳಗುಮ್ಮಟಕ್ಕೆ: ಸೈಕಲ್ ಮೇಲೆ ಎರಡು ದಿನ, ಸಾವಿರ ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ವಿಜಯಪುರ ನೋಡೀರೇನು ಅಂತ ಕೇಳಿದ್ರೆ ಬೆಳಗಾವಿ, ಬಾಗಲಕೋಟೆ ಕಡೆಯವರು ಬಹಳಷ್ಟು ಜನ ಹೌದು ಅಂತಾರೆ. ಶಾಲೆ ಟ್ರಿಪ್ಪಿನಲ್ಲಿ ಹೋಗಿರ್ತಾರೆ, ಗುಮ್ಮಟದ ಮೇಲೆ ಹತ್ತಿ ಒಂದು ಸಲ ಕೂಗಿ, ಏಳು ಸಲ ಕೇಳಿಸ್ಕೊಂಡು ಬಂದಿರ್ತಾರೆ. ಆದ್ರೆ ಅಥಣಿಯಿಂದ ವಿಜಯಪುರಕ್ಕೆ ಹೋಗೋ ದಾರಿ ನೋಡೀರೇನು ಅಂದ್ರೆ? ಅರ್ಧ ನಿದ್ದೆ, ಅರ್ಧ ಮೊಬೈಲು. ನಡುವೆ ತೆಲಸಂಗ ಬಂತು, ತಿಕೋಟಾ ಬಂತು, ಊರು ಬಂತು. ಮುಗೀತು.

ಈ ಸಂಚಿಕೆ ಆ ದಾರಿಯ ಬಗ್ಗೆ. ಅದನ್ನ ಸೈಕಲ್ ಮೇಲೆ ಹೋಗೋದು ಹೇಗೆ, ಹೋದ್ರೆ ಏನು ಕಾಣುತ್ತೆ, ಏನು ಅಪಾಯ ಇದೆ, ಮತ್ತೆ ಈಗಲೇ ಯಾಕೆ ನೋಡಬೇಕು ಅನ್ನೋದರ ಬಗ್ಗೆ.

ರೇಸ್ ಬೇರೆ, ಪ್ರವಾಸ ಬೇರೆ

ಮೊದಲು ಒಂದು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ಸೈಕಲ್ ಪ್ರವಾಸ ಅಂದ್ರೆ ಯಾರು ಮೊದಲು ಮುಟ್ಟಿದ್ರು ಅನ್ನೋ ಆಟ ಅಲ್ಲ. ಹಿಂದಿನ ಕ್ಯಾರಿಯರಿಗೆ ಒಂದು ಚೀಲ ಕಟ್ಕೊಂಡು, ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗದಲ್ಲಿ, ಬೇಕಾದಲ್ಲಿ ಕಾಲು ಊರಿ ನಿಂತು, ಮತ್ತೆ ಹೊರಡೋದು.

ಯುರೋಪಿನಲ್ಲಿ ಇದೊಂದು ದೊಡ್ಡ ಪದ್ಧತಿ. ಫ್ರಾನ್ಸಿನ ಲ್ವಾರ್ ನದಿ ದಂಡೆಗುಂಟ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ದಾರಿ ಇದೆ. ಒಂದು ಕೋಟೆ, ಒಂದು ಚರ್ಚು, ಒಂದು ದ್ರಾಕ್ಷಿ ತೋಟ, ಮತ್ತೊಂದು ಕೋಟೆ — ಹೀಗೆ ವಾರಗಟ್ಟಲೆ ಜನ ತುಳೀತಾರೆ. ಆ ಫೋಟೋಗಳನ್ನ ನೀವೂ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿರ್ತೀರಿ.

ಈಗ ನಮ್ಮ ಕಡೆ ನೋಡ್ರಿ. ಕೋಟೆ ಇದೆ. ಗುಡಿ, ಬಸದಿ, ಮಸೀದಿ, ದರ್ಗಾ ಇವೆ. ದ್ರಾಕ್ಷಿ ತೋಟ? ತೆಲಸಂಗ, ತಿಕೋಟಾ ಸೀಮೆಯಲ್ಲಿ ರಸ್ತೆಯ ಎರಡೂ ಬದಿಗೆ ಅದೇ. ಬೇಸಿಗೆ ಶುರುವಾಗೋ ಹೊತ್ತಿಗೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಸಾಲುಸಾಲು ಬಲೆ ಕಟ್ಟಿ ಹಣ್ಣು ಒಣಗಿಸ್ತಿರ್ತಾರೆ. ಅಲ್ಲಿರೋದೆಲ್ಲ ಇಲ್ಲೂ ಇದೆ. ಪ್ರತ್ಯೇಕ ಸೈಕಲ್ ದಾರಿ, ಸೂಚನಾ ಫಲಕ ಇವೆರಡು ಇಲ್ಲ. ಹಾಗಾಗಿ ದಾರಿಯನ್ನ ನಾವೇ ಓದ್ಕೋಬೇಕು.

ಇನ್ನೊಂದು ವಿಷಯ. ಸೈಕಲ್ಲು ನಮಗೆ ಹೊಸದಲ್ಲ. ರಾಜ್ಯದ ಸೈಕ್ಲಿಂಗ್ ಪಟುಗಳಲ್ಲಿ ದೊಡ್ಡ ಪಾಲು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬರ್ತಾರೆ, ಇದು ಕ್ರೀಡೆ ಬಲ್ಲವರಿಗೆಲ್ಲ ಗೊತ್ತು. ಅದಕ್ಕಿಂತ ಹತ್ತಿರದ್ದು ಬೇಕೇನು? 2006–07ರಲ್ಲಿ ರಾಜ್ಯ ಸರಕಾರ ಸರಕಾರಿ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಈ ಸಂಚಿಕೆ ಕೇಳ್ತಿರೋ ಎಷ್ಟೋ ಜನರ ಮನೆ ಹಿತ್ತಲಲ್ಲಿ, ದನದ ಕೊಟ್ಟಿಗೆ ಪಕ್ಕದಲ್ಲಿ, ಆ ಸೈಕಲ್ ಇವತ್ತಿಗೂ ಗ್ವಾಡಿಗೆ ಆತು ನಿಂತಿರಬಹುದು. ಅದರ ಮೇಲೂ ಈ ಪ್ರವಾಸ ಆಗುತ್ತೆ. ಗೇರ್ ಸೈಕಲ್ ಇದ್ರೆ ಸುಲಭ; ಇಲ್ಲದಿದ್ರೆ ಒಂದು ಗಂಟೆ ಹೆಚ್ಚು ಹಿಡೀತದೆ ಅಷ್ಟೇ.

ದಾರಿಯ ಲೆಕ್ಕ

ತೆಲಸಂಗ ಅಥಣಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿರೋ ದೊಡ್ಡ ಊರು. ಅಥಣಿಯಿಂದ ವಿಜಯಪುರಕ್ಕೆ ಒಟ್ಟು ಸುಮಾರು 75 ಕಿಲೋಮೀಟರ್. ತೆಲಸಂಗ ನಡುವೆ, ಅಥಣಿಗೆ ಸ್ವಲ್ಪ ಹತ್ತಿರ. ಅಲ್ಲಿಂದ ಪೂರ್ವಕ್ಕೆ ಹೊರಟ್ರೆ ಬೆಳಗಾವಿ ಜಿಲ್ಲೆ ಮುಗಿದು ವಿಜಯಪುರ ಜಿಲ್ಲೆ ಶುರು. ಹೊನವಾಡ, ತಿಕೋಟಾ, ತೊರವಿ, ಆಮೇಲೆ ನಗರ. ತೆಲಸಂಗದಿಂದ ನಗರಕ್ಕೆ 45–50 ಕಿಲೋಮೀಟರ್ ಅಂತ ಇಟ್ಕೊಳ್ಳಿ.

ಬರೀ ತುಳಿಯೋದಾದ್ರೆ ನಾಲ್ಕು ಗಂಟೆ ಸಾಕು. ಆದ್ರೆ ನಿಂತು ನೋಡಬೇಕಲ್ಲ? ಅದಕ್ಕೆ ಎರಡು ದಿನ. ಮೊದಲನೇ ದಿನ ತೆಲಸಂಗದಿಂದ ಹೊರಟು, ಊರೂರು ನೋಡ್ಕೊಂತ, ಸಂಜೆಯೊಳಗೆ ವಿಜಯಪುರ. ಎರಡನೇ ದಿನ ಪೂರ್ತಿ ನಗರದೊಳಗೆ. ದೂರದಿಂದ ಬರೋರು ಹಿಂದಿನ ರಾತ್ರಿ ಅಥಣಿಯಲ್ಲಿ ಉಳ್ಕೊಂಡು ಬೆಳಗ್ಗೆ ಅಲ್ಲಿಂದಲೇ ಹೊರಡಬಹುದು. ಅಥಣಿಗೆ ಬಂದ ಮೇಲೆ ಚರ್ಮದ ಚಪ್ಪಲಿ ಮಾಡೋ ಓಣಿ ನೋಡದೆ ಹೋಗಬೇಡಿ. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತೆಲ್ಲ ಕರೆಯೋದರಲ್ಲಿ ಅಥಣಿ ಕಡೆಯ ಕೈಗೆಲಸ ಬಹಳ ಇದೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ವು.

ಅಗಸಿ, ವಾಡೆ, ಹುಡೇವು

ಕೋಟೆ ಅಂದಕೂಡ್ಲೆ ನಮಗೆ ಚಿತ್ರದುರ್ಗ, ಬೀದರ ನೆನಪಾಗ್ತವೆ. ಆದ್ರೆ ನಮ್ಮ ಸೀಮೆಯಲ್ಲಿ ಕೋಟೆ ಅನ್ನೋದು ಹಳ್ಳಿಯೊಳಗೇ ಚೂರುಚೂರಾಗಿ ಇದೆ. ಅದನ್ನ ಗುರುತಿಸೋಕೆ ಮೂರು ಶಬ್ದ ಗೊತ್ತಿದ್ರೆ ಸಾಕು.

ಒಂದು, ಅಗಸಿ. ಊರಿನ ಹೆಬ್ಬಾಗಿಲು. ಹಳೇ ಊರಿಗೆ ಮಣ್ಣಿನದೋ ಕಲ್ಲಿನದೋ ಗೋಡೆ ಇರ್ತಿತ್ತು, ಕತ್ತಲಾದ ಮೇಲೆ ಅಗಸಿ ಬಾಗಿಲು ಹಾಕ್ತಿದ್ರು. ಗೋಡೆ ಹೋದ ಊರಲ್ಲೂ ಅಗಸಿಯ ಕಮಾನು ಉಳಿದಿರುತ್ತೆ, ಕಮಾನು ಹೋದಲ್ಲಿ ಹೆಸರಾದ್ರೂ ಉಳಿದಿರುತ್ತೆ. "ಅಗಸಿ ಮುಂದ ನಿಂತೀನಿ ಬಾ" ಅಂತ ಈಗಲೂ ಫೋನಿನಲ್ಲಿ ಹೇಳ್ತೀವಿ, ಆ ಜಾಗದಲ್ಲಿ ಬಾಗಿಲು ಇರಲಿ ಬಿಡಲಿ.

ಎರಡು, ವಾಡೆ. ದೇಸಾಯರದೋ, ಗೌಡರದೋ, ಇನಾಮದಾರರದೋ ಮನೆ. ಮನೆ ಅಂದ್ರೆ ಮನೆ ಅಲ್ಲ, ಅರ್ಧ ಕೋಟೆ. ಆಳೆತ್ತರಕ್ಕಿಂತ ಎತ್ತರದ ಕಲ್ಲಿನ ಕಟ್ಟಡ, ಮೇಲೆ ದಪ್ಪ ಮಣ್ಣಿನ ಗೋಡೆ, ಒಂದೇ ದೊಡ್ಡ ಬಾಗಿಲು, ಒಳಗೆ ಅಂಕಣ, ಹಗೇವು, ಬಾವಿ. ಮುತ್ತಿಗೆ ಬಿದ್ರೆ ಒಳಗೇ ಕೆಲವು ದಿನ ಬದುಕೋಕೆ ಆಗೋ ಹಾಗೆ ಕಟ್ಟಿದ್ದು.

ಮೂರು, ಹುಡೇವು. ದುಂಡನೆಯ ಕಾವಲು ಬುರುಜು. ಊರ ನಡುವೆಯೋ ಅಂಚಿನಲ್ಲೋ ಒಂಟಿಯಾಗಿ ನಿಂತಿರುತ್ತೆ. ದಂಡು ಬಂತು, ದರೋಡೆಕೋರರು ಬಂದ್ರು, ಪಿಂಡಾರಿಗಳು ಬಂದ್ರು ಅಂದಾಗ ಅದರ ಮೇಲಿಂದ ನೋಡಿ ಊರನ್ನ ಎಚ್ಚರಿಸ್ತಿದ್ರು. ಬಯಲುಸೀಮೆಯಲ್ಲಿ ಗುಡ್ಡ ಇಲ್ಲ, ಬೆಟ್ಟ ಇಲ್ಲ. ದೂರ ನೋಡಬೇಕಾದ್ರೆ ಎತ್ತರ ನಾವೇ ಕಟ್ಕೋಬೇಕು. ಹುಡೇವು ಹುಟ್ಟಿದ್ದು ಹಾಗೆ.

ಬಸ್ಸಿನ ವೇಗದಲ್ಲಿ ಇವು ಮೂರೂ ಕಾಣಲ್ಲ. ಬೈಪಾಸ್ ಊರ ಹೊರಗಿಂದ ಹೋಗುತ್ತೆ, ಅಗಸಿ ಊರ ಒಳಗಿರುತ್ತೆ. ಹೆದ್ದಾರಿ ಬಿಟ್ಟು ಅರ್ಧ ಕಿಲೋಮೀಟರ್ ಒಳಗೆ ಹೋಗೋ ಮನಸ್ಸು ಕಾರಿನವರಿಗೆ ಬರಲ್ಲ, ನಡೆಯೋರಿಗೆ ಅಷ್ಟು ಊರು ಮುಟ್ಟಲ್ಲ. ಸೈಕಲ್ಲಿನವರಿಗೆ ಅದು ಮೂರು ನಿಮಿಷದ ಕೆಲಸ.

ಕಪ್ಪು ಮಣ್ಣು, ಕಪ್ಪು ಕಲ್ಲು

ತೆಲಸಂಗ ಬಿಟ್ಟು ಪೂರ್ವಕ್ಕೆ ಹೊರಟ್ರೆ ಕಣ್ಣಿಗೆ ಬೀಳೋದು ಎರಿ ಭೂಮಿ. ಮಳೆಗಾಲ ಮುಗಿದ ಮೇಲೆ ಬಿಳಿಜೋಳ, ಕಡಲೆ, ಕುಸುಬಿ. ಬೇಸಿಗೆಯಲ್ಲಿ ಕೈ ಹೋಗೋವಷ್ಟು ಬಿರುಕು. ಈ ಮಣ್ಣು ಎಲ್ಲಿಂದ ಬಂತು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಹರೀತು. ಅದು ಪದರ ಪದರವಾಗಿ ತಣಿದು ಬಸಾಲ್ಟ್ ಕಲ್ಲಾಯ್ತು. ಕಲ್ಲು ಲಕ್ಷಾಂತರ ವರ್ಷ ಬಿಸಿಲು, ಮಳೆಗೆ ಸವೆದು ಎರಿ ಮಣ್ಣಾಯ್ತು.

ಸವೆಯದೇ ಉಳಿದ ಕಲ್ಲನ್ನ ಏನು ಮಾಡಿದ್ರು? ಕಡಿದು ತೆಗೆದು ಗೋಳಗುಮ್ಮಟ ಕಟ್ಟಿದ್ರು. ಆ ಗೋಡೆಯ ಬೂದು ಕಪ್ಪು ಬಣ್ಣ, ನಿಮ್ಮ ಟೈರಿಗೆ ಮೆತ್ತಿರೋ ಮಣ್ಣಿನ ಬಣ್ಣ, ಎರಡಕ್ಕೂ ತಾಯಿ ಒಬ್ಬಳೇ. ಇದು ಪುಸ್ತಕದಲ್ಲಿ ಓದಿದ್ರೆ ಒಂದು ಸಾಲು. ಆದ್ರೆ ಬೆಳಗ್ಗೆ ಹೊಲದ ಬದುವಿನಲ್ಲಿ ಕೂತು ರೊಟ್ಟಿ ತಿಂದು, ಮರುದಿನ ಗುಮ್ಮಟದ ಗೋಡೆಗೆ ಕೈ ಇಟ್ಟಾಗ ಆಗೋ ತಿಳುವಳಿಕೆ ಬೇರೆ.

ಹೊನವಾಡ: 1054ರ ಒಂದು ಕಲ್ಲು

ಜಿಲ್ಲೆಯ ಗಡಿ ದಾಟಿದ ಮೇಲೆ ಸಿಗೋ ಸೀಮೆ ಹೊನವಾಡದ್ದು. ಈಗ ತಿಕೋಟಾ ತಾಲ್ಲೂಕು. ಹೊರಗಿನವರಿಗೆ ಇದು ಇನ್ನೊಂದು ಹಳ್ಳಿ. ಆದ್ರೆ ಶಾಸನ ಓದೋರಿಗೆ ಬಹಳ ಬೇಕಾದ ಊರು.

1054ರಲ್ಲಿ ಇದರ ಹೆಸರು ಪೊನ್ನವಾಡ. ಹಳಗನ್ನಡದ ಪಕಾರ ಆಮೇಲೆ ಹಕಾರ ಆಯ್ತಲ್ಲ, ಪಾಲು ಹಾಲಾದ ಹಾಗೆ, ಪೊನ್ನು ಹೊನ್ನಾದ ಹಾಗೆ, ಪೊನ್ನವಾಡ ಹೊನವಾಡ ಆಯ್ತು. ಆಗ ಕಲ್ಯಾಣದ ಚಾಲುಕ್ಯ ಅರಸ ಒಂದನೇ ಸೋಮೇಶ್ವರನ ಆಳ್ವಿಕೆ. ಪೊನ್ನವಾಡದ ಅಗ್ರಹಾರದ ಆಡಳಿತ ಅವನ ರಾಣಿ ಕೇತಲದೇವಿಯ ಕೈಯಲ್ಲಿತ್ತು. ಆಕೆಯ ಅಧಿಕಾರಿ ಚಾಂಕಿರಾಜ ಇಲ್ಲಿ ತ್ರಿಭುವನತಿಲಕ ಅನ್ನೋ ಬಸದಿ ಕಟ್ಟಿಸಿದ. ರಾಣಿಯ ಬಿನ್ನಹದ ಮೇಲೆ ಅರಸ ಆ ಬಸದಿಗೆ ದಾನ ಕೊಟ್ಟ. ಇದನ್ನೆಲ್ಲ ಹೇಳೋದು ಇಲ್ಲಿನ ಶಿಲಾಶಾಸನ.

ಇದರಲ್ಲಿ ಗಮನಿಸಬೇಕಾದ್ದು ಏನು? ಒಂದು, ಸುಮಾರು ಸಾವಿರ ವರ್ಷದ ಹಿಂದೆ ಇಲ್ಲೊಬ್ಬ ಹೆಣ್ಣುಮಗಳು ಆಡಳಿತ ನಡೆಸ್ತಿದ್ಲು. ಎರಡು, ಬ್ರಾಹ್ಮಣರ ಅಗ್ರಹಾರದಲ್ಲೇ ಜೈನ ಬಸದಿ ಎದ್ದಿತು, ಅದಕ್ಕೆ ಅರಮನೆ ಬೆಂಬಲ ಕೊಡ್ತು. ಮೂರು, ಇದು ಆದಿಲ್ ಶಾಹಿಗಳು ಬರೋದಕ್ಕೆ ನಾಲ್ಕು ನೂರು ವರ್ಷಕ್ಕಿಂತ ಮೊದಲು. ಅಂದ್ರೆ ವಿಜಯಪುರ ರಾಜಧಾನಿ ಆಗೋ ಮೊದಲೇ ಈ ದಾರಿಯಲ್ಲಿ ಓದು, ದಾನ, ಆಡಳಿತ, ಕಲ್ಲುಕೆಲಸ ಎಲ್ಲ ಇತ್ತು. ಗುಮ್ಮಟ ಬರೀ ಬಯಲಲ್ಲಿ ಎದ್ದಿದ್ದಲ್ಲ.

ತೊರವಿ: ನೀರು ಹೊರಟ ಜಾಗ

ತಿಕೋಟಾದಲ್ಲಿ ಚಹಾ, ಮಿರ್ಚಿ ಭಜಿ ಮುಗಿಸಿ ಮುಂದೆ ಹೋದ್ರೆ, ನಗರಕ್ಕೆ ಸ್ವಲ್ಪ ಮೊದಲು ತೊರವಿ. ಮೊದಲನೇ ದಿನದ ಮುಖ್ಯ ನಿಲ್ದಾಣ ಇದೇ ಆಗಬೇಕು.

ಇಲ್ಲಿ ನರಸಿಂಹನ ಗುಡಿ ಇದೆ. ತೊರವೆ ರಾಮಾಯಣದ ಹೆಸರು ಕೇಳಿರ್ತೀರಿ. ಅದನ್ನ ಬರೆದ ಕುಮಾರ ವಾಲ್ಮೀಕಿಯ ಆರಾಧ್ಯ ದೈವ ಈ ತೊರವೆಯ ನರಸಿಂಹ. ಕನ್ನಡ ಕಾವ್ಯಕ್ಕೆ ಒಂದು ಹಳ್ಳಿಯ ಹೆಸರು ಅಂಟಿಕೊಂಡಿದೆ ನೋಡ್ರಿ.

ಪಕ್ಕದಲ್ಲೇ ನವರಸಪುರ. ಎರಡನೇ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ಕಟ್ಟೋಕೆ ಶುರು ಮಾಡಿದ ಹೊಸ ನಗರ. ಈ ಸುಲ್ತಾನ ಸಂಗೀತದ ಹುಚ್ಚ. ದಖನಿ ಭಾಷೆಯಲ್ಲಿ ಕಿತಾಬ್-ಎ-ನೌರಸ್ ಅನ್ನೋ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಊರಿಗೂ ನವರಸದ ಹೆಸರೇ ಇಟ್ಟ. ಆದ್ರೆ 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಊರನ್ನ ಹಾಳುಗೆಡವಿದ. ಇಪ್ಪತ್ತೈದು ವರ್ಷದಲ್ಲಿ ಹುಟ್ಟಿ ಸತ್ತ ಊರು. ಈಗ ಉಳಿದಿರೋ ಸಂಗೀತ ಮಹಲಿನ ಎತ್ತರದ ಕಮಾನಿನ ಕೆಳಗೆ ನಿಂತ್ರೆ, ಊರು ಪೂರ್ತಿ ಆಗಿದ್ರೆ ಹೇಗಿರ್ತಿತ್ತು ಅನ್ನೋ ಅಂದಾಜು ಸಿಗುತ್ತೆ.

ಆದ್ರೆ ತೊರವಿಯ ದೊಡ್ಡ ಕಥೆ ನೆಲದ ಕೆಳಗಿದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರಲ್ಲಿ ಲಕ್ಷಾಂತರ ಜನರ ರಾಜಧಾನಿ ಬದುಕಿದ್ದು ಹೇಗೆ? ಪಶ್ಚಿಮದಲ್ಲಿ ನೆಲ ಎತ್ತರ, ನಗರ ಇರೋದು ತಗ್ಗಿನಲ್ಲಿ. ತೊರವಿ ಕಡೆ ನೆಲದಡಿ ಸುರಂಗ ಕೊರೆದು, ನೀರು ತನ್ನಷ್ಟಕ್ಕೆ ತಾನೇ ಇಳಿದು ಹೋಗೋ ಹಾಗೆ ಮಾಡಿದ್ರು. ಸುರಂಗದ ಗುಂಟ ಅಲ್ಲಲ್ಲಿ ಬಾವಿಯಂಥ ತೂತು: ಕೆಲಸಗಾರರು ಇಳಿಯೋಕೆ, ಗಾಳಿ ಆಡೋಕೆ, ಹೂಳು ತೆಗೆಯೋಕೆ. ಪರ್ಶಿಯಾದಿಂದ ಬಂದ ಈ ತಂತ್ರಕ್ಕೆ ಕರೇಜ್ ಅಂತಾರೆ. ಮೋಟರ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರಿನ ಲೆಕ್ಕ ಅಷ್ಟೇ. ಇಲ್ಲಿನ ಸುರಂಗ ಬಾವಡಿಯನ್ನ 2020ರ ಜಾಗತಿಕ ಸ್ಮಾರಕ ನಿಗಾ ಪಟ್ಟಿಗೆ ಸೇರಿಸಲಾಯ್ತು.

ಸೈಕಲ್ಲಿನವರಿಗೆ ಇದನ್ನ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ತೊರವಿಯಿಂದ ನಗರದ ಕಡೆ ಹೊರಟಾಗ ಕಾಲಿಗೆ ತಾನಾಗೇ ಗೊತ್ತಾಗುತ್ತೆ. ಪೆಡಲ್ ಹಗುರ ಆಗುತ್ತಲ್ಲ, ಅದೇ ಇಳಿಜಾರನ್ನ ನಂಬಿ ಅವರು ನೀರು ತಂದ್ರು.

ದಾರಿಯಲ್ಲಿ ಸಾಠ ಕಬರ್ ಅನ್ನೋ ಜಾಗವೂ ಇದೆ. ಒಂದೇ ಅಳತೆಯ ಸಾಲು ಸಾಲು ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫ್ಜಲ್ ಖಾನ, ತಾನು ವಾಪಸ್ ಬರಲ್ಲ ಅಂತ ಜ್ಯೋತಿಷಿ ಹೇಳಿದ್ದಕ್ಕೆ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದ ಅಂತ ಜನ ಹೇಳೋ ಕಥೆ. ಅವನು ಪ್ರತಾಪಗಡದಲ್ಲಿ ಸತ್ತಿದ್ದು ಇತಿಹಾಸ. ಬಾವಿಯ ಕಥೆ ಬಾಯಿಂದ ಬಾಯಿಗೆ ಬಂದದ್ದು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಕೊಳ್ಳಿ. ಅಲ್ಲಿ ರೀಲ್ಸ್ ಮಾಡೋಕೆ ಮನಸ್ಸು ಬಂದ್ರೆ, ಅದು ಸ್ಮಶಾನ ಅನ್ನೋದನ್ನ ಒಂದು ಸಲ ನೆನೆಸ್ಕೊಳ್ಳಿ.

ಪಶ್ಚಿಮದ ಕಡೆಯಿಂದ ನಗರಕ್ಕೆ

ರೈಲಿನಲ್ಲಿ ಬಂದವರಿಗೆ ವಿಜಯಪುರದಲ್ಲಿ ಮೊದಲು ಕಾಣೋದೇ ಗೋಳಗುಮ್ಮಟ. ಸ್ಟೇಷನ್ ಪಕ್ಕದಲ್ಲೇ ಇದೆ. ಅದನ್ನ ನೋಡಿ ಆದ ಮೇಲೆ ಉಳಿದದ್ದೆಲ್ಲ ಚಿಕ್ಕದಾಗಿ ಕಾಣುತ್ತೆ, ಅರ್ಧ ಜನ ಅಲ್ಲಿಂದಲೇ ವಾಪಸ್. ತೆಲಸಂಗದ ಕಡೆಯಿಂದ ಬಂದ್ರೆ ಕಥೆ ಉಲ್ಟಾ. ನಗರದ ಪಶ್ಚಿಮದಿಂದ ಒಳಗೆ ಬಂದು ಪೂರ್ವದ ತುದಿಗೆ ಹೋಗ್ತೀರಿ. ಗುಮ್ಮಟ ಕೊನೆಗೆ ಬರುತ್ತೆ.

ಎರಡನೇ ದಿನ ಬೆಳಗ್ಗೆ ಹೀಗೆ ಹೋಗಿ. ಮೊದಲು ಕೋಟೆ ಗೋಡೆಯ ಹೊರಗಿರೋ ಇಬ್ರಾಹಿಂ ರೋಜಾ. ನವರಸಪುರ ಕಟ್ಟಿದ ಅದೇ ಸುಲ್ತಾನನ ಗೋರಿ. ಅವನು ತೀರಿಕೊಂಡಿದ್ದು 1627ರಲ್ಲಿ. ಗೋರಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ, ನಡುವೆ ಕಾರಂಜಿ ಕೊಳ. ಗೋರಿ ಕೋಣೆಯ ಚಪ್ಪಟೆ ಕಲ್ಲಿನ ಚಾವಣಿ ನಡುವೆ ಯಾವ ಆಸರೆಯೂ ಇಲ್ಲದೆ ನಿಂತಿದೆ.

ಅಲ್ಲಿಂದ ಗೋಡೆಯ ಕಡೆ ಬಂದ್ರೆ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಸಿಂಹದ ದವಡೆಯಲ್ಲಿ ಸಿಕ್ಕ ಆನೆಯ ಕೆತ್ತನೆ. ಇದರ ಇನ್ನೊಂದು ಕಥೆ ಕೇಳ್ರಿ: 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನ ಹರಾಜಿಗೆ ಹಾಕಿದ್ರು. ಕೂಗಿದ ಬೆಲೆ 150 ರೂಪಾಯಿ. ಆಮೇಲೆ ಹರಾಜು ರದ್ದಾಯ್ತು ಅಂತ ತೋಪು ಉಳೀತು. ಇಲ್ಲಾಂದ್ರೆ ಕರಗಿ ಎಲ್ಲೋ ಹಂಡೆ ಕೊಡವಾಗಿರ್ತಿತ್ತು.

ಆಮೇಲೆ 1620ರ ತಾಜ್ ಬಾವಡಿ. ನಿನ್ನೆ ತೊರವಿಯಲ್ಲಿ ನೋಡಿದ ನೀರಿನ ಕಥೆಯ ಮುಂದಿನ ಅಧ್ಯಾಯ. ವರ್ಷಗಟ್ಟಲೆ ಕಸ ತುಂಬಿದ್ದ ಇಂಥ ಬಾವಡಿಗಳ ಹೂಳು ತೆಗೆಯೋ ಕೆಲಸ ಕಳೆದ ದಶಕದಲ್ಲಿ ನಡೀತು. ನಂತರ 1584ರ ಉಪ್ಪಲಿ ಬುರುಜು. ಹಳ್ಳಿಯ ಹುಡೇವು ಏನು ಅಂತ ನಿಮಗೀಗ ಗೊತ್ತು. ಅದೇ ವಿಚಾರ ರಾಜಧಾನಿಯಲ್ಲಿ ಎಷ್ಟು ದೊಡ್ಡದಾಯ್ತು ಅನ್ನೋದು ಇಲ್ಲಿ ಕಾಣುತ್ತೆ. ಬಾರಾ ಕಮಾನ್, ಅರಕಿಲ್ಲೆ, ಜಾಮಿಯಾ ಮಸೀದಿ ನೋಡಿ ಕೊನೆಗೆ ಗೋಳಗುಮ್ಮಟ: 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾನ ಗೋರಿ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಒಂದನ್ನೊಂದು ಕತ್ತರಿಸೋ ಎಂಟು ಕಮಾನುಗಳು ಗುಮ್ಮಟದ ಭಾರವನ್ನ ನಾಲ್ಕು ಗೋಡೆಗೆ ಹಂಚ್ತವೆ.

ಹೊರಗೆ ಬಂದ ಮೇಲೆ ಎದುರಿನ ನಗಾರಖಾನೆಯಲ್ಲಿರೋ ವಸ್ತುಸಂಗ್ರಹಾಲಯ ಬಿಡಬೇಡಿ. ಸುತ್ತಮುತ್ತಲ ಶಾಸನ, ವೀರಗಲ್ಲು, ಜೈನ ವಿಗ್ರಹ ಅಲ್ಲಿವೆ. ಹೆಚ್ಚಿನವರು ಗುಮ್ಮಟಕ್ಕೆ ಓಡ್ತಾರೆ, ಇಲ್ಲಿ ಗದ್ದಲ ಕಡಿಮೆ. ದಖ್ಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ, ವಿಜಯಪುರ ಅದರಲ್ಲೊಂದು.

ಗಾಳಿ, ಬಿಸಿಲು, ಮುಳ್ಳು, ಕಬ್ಬು

ಈಗ ತಯಾರಿಯ ಮಾತು. ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ, ದಾರಿಯಲ್ಲಿ ನೆರಳು ಕಡಿಮೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೆನ್ನಿಗೆ ಇರುತ್ತೆ, ಸೈಕಲ್ ಹಾರಿದ ಹಾಗೆ ಹೋಗುತ್ತೆ ನಿಜ. ಆದ್ರೆ ಡಾಂಬರು ಬಿಟ್ಟು ಎರಿ ಮಣ್ಣಿಗೆ ಇಳಿದ್ರೆ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಕಚ್ಕೊಂಡು ಸೈಕಲ್ ಹೊತ್ಕೊಂಡು ಬರಬೇಕಾಗುತ್ತೆ. ಚಳಿಗಾಲದಲ್ಲಿ ಪೂರ್ವದ ಗಾಳಿ ಎದೆಗೆ ಹೊಡೆಯುತ್ತೆ. ಅದಕ್ಕೆ ಬೆಳಕು ಹರಿದ ಕೂಡ್ಲೆ ಹೊರಡಿ, ಹನ್ನೊಂದರೊಳಗೆ ಅರ್ಧ ದಾರಿ ಮುಗಿಸಿ.

ನೀರು ಕನಿಷ್ಠ ಎರಡು ಲೀಟರ್, ಸಿಕ್ಕಲ್ಲೆಲ್ಲ ತುಂಬಿಸ್ಕೊಳ್ಳಿ. ಒಂದೆರಡು ಓಆರ್‌ಎಸ್ ಪಾಕೀಟು ಇರಲಿ. ಊಟಕ್ಕೆ ಚಿಂತೆ ಇಲ್ಲ: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿ ಎರಡು ದಿನ ಕೆಡಲ್ಲ.

ಪಂಕ್ಚರ್ ಆಗೇ ಆಗುತ್ತೆ ಅಂತ ತಿಳ್ಕೊಂಡೇ ಹೊರಡಿ. ರಸ್ತೆ ಬದಿಗೆ ಜಾಲಿ ಮುಳ್ಳು. ತೆಳು ಟೈರಿನ ರೇಸ್ ಸೈಕಲ್ ಇಲ್ಲಿ ಕೆಲಸಕ್ಕೆ ಬರಲ್ಲ; 35 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಟೈರ್ ಒಳ್ಳೇದು. ಒಂದು ಹೆಚ್ಚಿನ ಟ್ಯೂಬ್, ಪ್ಯಾಚ್, ಸಲ್ಯೂಷನ್, ಚಿಕ್ಕ ಪಂಪು ಬೇಕೇ ಬೇಕು. ಹಳ್ಳಿ ಪಂಕ್ಚರ್ ಅಂಗಡಿಯ ಗಾಳಿ ಪೈಪು ಮೋಟರ್‌ಸೈಕಲ್ ವಾಲ್ವಿಗೆ ಕೂಡುತ್ತೆ. ನಿಮ್ಮ ಸೈಕಲ್ಲಿಗೆ ತೆಳು ಪ್ರೆಸ್ಟಾ ವಾಲ್ವ್ ಇದ್ರೆ ಹತ್ತಾರು ರೂಪಾಯಿಯ ಅಡಾಪ್ಟರ್ ಒಂದನ್ನ ಜೇಬಿನಲ್ಲಿ ಇಟ್ಕೊಳ್ಳಿ.

ಇನ್ನು ನಿಜವಾದ ಅಪಾಯ. ಇದನ್ನ ಗಮನ ಇಟ್ಟು ಕೇಳಿ. ಸೈಕಲ್ಲಿಗೆ ಒಳ್ಳೇ ಕಾಲವೇ ಕಬ್ಬು ಕಡಿಯೋ ಕಾಲ. ಅಥಣಿ ಸೀಮೆಯ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬು. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪ ಇರಲ್ಲ, ರಿಫ್ಲೆಕ್ಟರ್ ಇರಲ್ಲ. ಚಾಲಕನಿಗೆ ಟೇಪ್ ರೆಕಾರ್ಡರ್ ಸದ್ದಿನಲ್ಲಿ ನಿಮ್ಮ ಬೆಲ್ ಕೇಳಿಸಲ್ಲ. ಆದ್ದರಿಂದ ನಿಯಮ ಒಂದೇ: ಕತ್ತಲಲ್ಲಿ ಸೈಕಲ್ ಹೊಡೆಯಬಾರದು. ಸಂಜೆ ತಡ ಆಯ್ತಾ, ಇದ್ದ ಊರಲ್ಲೇ ಉಳಿಯಿರಿ. ಟ್ರೇಲರ್ ಪಕ್ಕ ನುಗ್ಗಬೇಡಿ, ಹಿಂದೆ ಉಳಿದು ದಾರಿ ಬಿಡಿ. ಹೆಲ್ಮೆಟ್, ಹಿಂದಿನ ಕೆಂಪು ದೀಪ, ಎದ್ದು ಕಾಣೋ ಬಣ್ಣದ ಅಂಗಿ. ಕಿವಿಯಲ್ಲಿ ಇಯರ್‌ಫೋನ್ ಬೇಡ, ನಮ್ಮ ಪಾಡ್‌ಕಾಸ್ಟ್ ಕೂಡ ಬೇಡ. ಏನಾದ್ರೂ ಆದ್ರೆ 112, ಆಂಬುಲೆನ್ಸಿಗೆ 108.

ವಾಪಸ್ ಬರೋಕೆ ಬಸ್ಸಿನ ಮೇಲೆ ಸೈಕಲ್ ಹಾಕಬಹುದು. ಲಗೇಜ್ ಟಿಕೆಟ್ ಬಗ್ಗೆ ಕಂಡಕ್ಟರರ ಹತ್ತಿರ ಹತ್ತೋ ಮೊದಲೇ ಮಾತಾಡಿ.

"ನಿಧಿ ಹುಡುಕಾಕ ಬಂದೀರೇನು?"

ಈ ಪ್ರಶ್ನೆ ನಿಮಗೂ ಎದುರಾಗಬಹುದು. ಹಾಳು ಗುಡಿ ಸುತ್ತ ಪರಊರ ಹುಡುಗರು ಓಡಾಡಿದ್ರೆ, ಕಲ್ಲಿನ ಫೋಟೋ ತೆಗೆದ್ರೆ ಊರವರಿಗೆ ಸಂಶಯ ಬರೋದು ಸಹಜ. ನಿಧಿ ಆಸೆಗೆ ಗರ್ಭಗುಡಿ ಅಗೆದವರು, ನಂದಿ ಒಡೆದವರು ನಮ್ಮ ನಾಡಿನಲ್ಲಿ ಕಡಿಮೆ ಏನಿಲ್ಲ. ಹಾಗಾಗಿ ಸೀದಾ ಗುಡಿಗೆ ಹೋಗಬೇಡಿ. ಮೊದಲು ಕಟ್ಟೆಗೆ ಹೋಗಿ. "ಯಜಮಾನ್ರ, ನಮಸ್ಕಾರ್ರಿ. ನಾವು ಇಂಥಾ ಊರವ್ರು, ಸೈಕಲ್ ಮ್ಯಾಲೆ ಹೊಂಟೀವ್ರಿ. ಊರಾಗ ಹಳೇ ಕಲ್ಲು, ಅಗಸಿ ಏನರ ಐತೇನ್ರಿ?" ಅಂತ ಕೇಳಿ. ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ಮುಂದೆ ನಡೀತಾರೆ, ಇನ್ನೊಬ್ಬರ ಮನೆಯಿಂದ ಚಹಾ ಬರುತ್ತೆ. ಗೂಗಲ್ ಮ್ಯಾಪಿನಲ್ಲಿ ಇಲ್ಲದ ವೀರಗಲ್ಲು ಹೀಗೇ ಸಿಗೋದು.

ಕಲ್ಲು ಸಿಕ್ಕ ಮೇಲೆ ಮಾಡಬಾರದ್ದು: ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಕಬ್ಬಿಣದ ಬ್ರಶ್ಶಿನಿಂದ ತಿಕ್ಕಬೇಡಿ. ಹುಡೇವಿನ ಮೇಲೆ ಹತ್ತಬೇಡಿ. ಮಣ್ಣು ಸಡಿಲ ಆಗಿರುತ್ತೆ. ಮಾಡಬೇಕಾದ್ದು: ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಆಗ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತೆ. ಲೊಕೇಶನ್ ಆನ್ ಇಟ್ಟು ಒಂದು ದೂರದ್ದು, ಒಂದು ಹತ್ತಿರದ್ದು ತೆಗೆದು, ಗ್ರಾಮ ಪಂಚಾಯ್ತಿಗೂ ರಾಜ್ಯದ ಪುರಾತತ್ವ ಇಲಾಖೆಗೂ ತಿಳಿಸಿ.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ? ಗೋಳಗುಮ್ಮಟಕ್ಕೆ ಕಾಯೋರಿದ್ದಾರೆ. 1958ರ ಸ್ಮಾರಕ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಹಾನಿ ಮಾಡಿದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದ್ರೆ ಹಳ್ಳಿಯ ಅಗಸಿಗೆ? ಪಟ್ಟಿಯಲ್ಲಿ ಹೆಸರಿಲ್ಲದ ಹುಡೇವಿಗೆ? ಬಟ್ಟೆ ಒಗೆಯೋ ಕಲ್ಲಾಗಿರೋ ಶಾಸನಕ್ಕೆ? ರಸ್ತೆ ಅಗಲ ಮಾಡುವಾಗ, ಗುಡಿಗೆ ಹೊಸ ಗ್ರಾನೈಟ್ ಹಾಕುವಾಗ, ವಾಡೆ ಪಾಲಾಗಿ ಪ್ಲಾಟ್ ಆದಾಗ ಮೊದಲು ಹೋಗೋದು ಇವೇ. ಇವನ್ನ ಕೆಡವೋರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಅದು ಏನು ಅಂತ ಅವರಿಗೆ ಯಾರೂ ಹೇಳಿರಲ್ಲ ಅಷ್ಟೇ. 55 ಟನ್ನಿನ ತೋಪನ್ನೇ ಒಂದು ಕಾಲಕ್ಕೆ 150 ರೂಪಾಯಿಗೆ ಕೂಗಿದ್ರು. ನಿಮ್ಮೂರಿನ ಕಲ್ಲಿಗೆ ಯಾರು ಎಷ್ಟು ಬೆಲೆ ಕಟ್ತಾರೆ?

ದೂರದಿಂದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಸೈಕಲ್ ತುಳ್ಕೊಂಡು ಬಂದು ಒಂದು ಮೂಲೆಯ ಕಲ್ಲನ್ನ ಅರ್ಧ ಗಂಟೆ ನೋಡಿ ಹೋದ್ರು ಅಂದ್ರೆ, ಮರುದಿನ ಆ ಊರವರೂ ಅದನ್ನ ಒಂದು ಸಲ ನೋಡ್ತಾರೆ. ಈ ಪ್ರವಾಸದಿಂದ ಆಗಬಹುದಾದ ದೊಡ್ಡ ಕೆಲಸ ಅದು.

ಇದು ಮುಗಿದ ಮೇಲೆ ಮುಂದಿನ ಸಲಕ್ಕೆ ಪಶ್ಚಿಮದ ದಾರಿ ಇದೆ: ಕಾಗವಾಡ, ಶೇಡಬಾಳದ ಬಸದಿಗಳು, ಕೃಷ್ಣೆಯ ದಂಡೆ, ಗಡಿಯಾಚೆ ಖಿದ್ರಾಪುರದ ಕೋಪೇಶ್ವರ ಗುಡಿ. ಉಗಾರ, ಕುಡಚಿಗೆ ರೈಲು ಬರೋದ್ರಿಂದ ಹೊರಗಿನವರಿಗೂ ಅನುಕೂಲ. ಅದರ ಬಗ್ಗೆ ಇನ್ನೊಂದು ಸಂಚಿಕೆ ಮಾಡೋಣ.

ಅಲ್ಲಿವರೆಗೆ ಒಂದು ಸಣ್ಣ ಕೆಲಸ. ಈ ಭಾನುವಾರ ಹಿತ್ತಲಿನ ಸೈಕಲ್ ಹೊರಗೆ ತೆಗೀರಿ, ಚೈನಿಗೆ ಎಣ್ಣೆ ಬಿಡಿ, ಗಾಳಿ ತುಂಬಿಸಿ. ವಿಜಯಪುರ ದೂರ ಅನ್ಸಿದ್ರೆ ಪಕ್ಕದ ಊರಿನ ಅಗಸಿವರೆಗೆ ಹೋಗಿ ಬನ್ನಿ. ಅಲ್ಲಿ ಕಂಡದ್ದನ್ನ ಮನೆಯ ಹಿರಿಯರಿಗೆ ಹೇಳಿ, ಅವರಿಗೆ ಗೊತ್ತಿರೋ ಕಥೆ ಕೇಳಿ.